ಪದ ಬೇಕು: ‘ಫೂದೊ’ಗೆ ಕನ್ನಡದಲ್ಲಿ ಏನನ್ನೋಣ?

ಮೈಸೂರಿನಿಂದ:
ಗೆಳೆಯರೇ, ಅರ್ಜೆಂಟು. ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ಯಾನರ್ ಅಚ್ಚಿಗೆ ಹೋಗುತ್ತೆ. ಜಪಾನಿನ ತತ್ವಜ್ಞಾನಿ ವಾತ್ಸುಜಿ ತೆತ್ಸುರೊ ಅವರ ‘ಫೂದೊ’ (1935) ಅನ್ನೋ ಪುಸ್ತಕದ ಬಗ್ಗೆ ಒಂದು ಉಪನ್ಯಾಸ. ಫೂ ಅಂದ್ರೆ ಗಾಳಿ, ದೊ ಅಂದ್ರೆ ಮಣ್ಣು. ‘ಹವಾಮಾನ ಮತ್ತು ಮನುಷ್ಯ’ ಅಂತ ಬರೆದೆ. ಇಲಾಖೆಯ ಪ್ರಕಟಣೆ ಥರ ಕಾಣುತ್ತೆ. ಅವರು ಹೇಳೋದು ಬೇರೆ. ನಾನೊಂದು ಕಡೆ, ಚಳಿ ಇನ್ನೊಂದು ಕಡೆ ಇದ್ದು, ಆಮೇಲೆ ಬಂದು ತಾಗೋದಲ್ಲ. ನಡುಗುವಾಗಲೇ ನಾವು ಚಳಿಯೊಳಗೆ ಇರುತ್ತೇವೆ. ‘ಏನ್ ಚಳಿ ರೀ’ ಅಂತ ಪಕ್ಕದವರಿಗೆ ಹೇಳ್ತೀವಲ್ಲ, ಆ ಚಳಿ ಒಬ್ಬರದಲ್ಲ. ಇಷ್ಟಕ್ಕೂ ಒಂದೇ ಪದ ಬೇಕು.

ಬೆಂಗಳೂರಿನಿಂದ:
ಹವಾ ಅರಬ್ಬಿ, ಮಾನ ಸಂಸ್ಕೃತ. ಅಳೆಯೋರಿಗೆ ಇರಲಿ ಅದು. ‘ಗಾಳಿಪಾಡು’ ಅನ್ನಿ. ಮುಗೀತು.

ಧಾರವಾಡದಿಂದ:
ಮುಗಿದಿಲ್ಲ. ನಮ್ಮ ಓಣಿಯಲ್ಲಿ ಗಾಳಿಪಾಡು ಅಂದರೆ ಯಾರಿಗೂ ತಿಳಿಯೋದಿಲ್ಲ. ನಮ್ಮ ವೈನಿ ಮಂಗಳೂರಿಗೆ ಹೋಗಿ ಹದಿನೈದೇ ದಿನಕ್ಕೆ ವಾಪಸ್ ಬಂದರು. ಕೇಳಿದ್ದಕ್ಕೆ ‘ಹವಾ ಒಗ್ಗಲಿಲ್ಲ’ ಅಂದರು. ಬರೀ ಸೆಕೆ ಅಲ್ಲ. ಒಗೆದ ಸೀರೆ ಒಣಗಲಿಲ್ಲ, ಕುಚ್ಚಲಕ್ಕಿ ಅನ್ನ ಇಳಿಯಲಿಲ್ಲ, ಮಾತಾಡೋಕೆ ಜನ ಸಿಗಲಿಲ್ಲ. ಎಲ್ಲ ಸೇರಿ ಹವಾ. ನಿಮ್ಮ ವಾತ್ಸುಜಿ ಹೇಳೋದು ಇದನ್ನೇ ಅಲ್ವಾ? ಮಾನ್ಸೂನ್ ಪದವೂ ಅರಬ್ಬಿಯ ‘ಮೌಸಿಂ’ನಿಂದ ಬಂದದ್ದು. ಅದನ್ನೂ ವಾಪಸ್ ಕಳಿಸೋಣವಾ?

ಬೆಂಗಳೂರಿನಿಂದ:
ಕಳಿಸಿ. ನಮ್ಮದು ಮುಂಗಾರು. ಕಾರ್ ಅಂದ್ರೆ ಮಳೆಗಾಲ, ಕರಿಮೋಡ. ಅಚ್ಚಗನ್ನಡ. ಇಲ್ಲಿ ‘ಹವಾ’ ಅಂತ ಬ್ಯಾನರ್ ಹಾಕಿದರೆ ಯಾವ ಹೀರೋದು ಅಂತ ಕೇಳ್ತಾರೆ.

ಶಿರಸಿಯಿಂದ:
ಇಬ್ಬರೂ ಗಾಳಿಯಲ್ಲೇ ಇದ್ದೀರಿ. ಮಣ್ಣೆಲ್ಲಿ? ನಮ್ಮಲ್ಲಿ ಒಂದೊಂದು ಮಳೆಗೂ ಹೆಸರಿದೆ: ಆರಿದ್ರಾ, ಪುಷ್ಯ, ಮಘೆ, ಹಸ್ತ. ಒಂದೊಂದೂ 13-14 ದಿನ. ಅಮ್ಮ ಹುಟ್ಟಿದ ತಾರೀಖು ಅಜ್ಜಿಗೆ ಗೊತ್ತಿರಲಿಲ್ಲ. ‘ಆರಿದ್ರಾ ಹಿಡಿದಿತ್ತು, ಗದ್ದೆಯಲ್ಲಿ ಜನ ಇದ್ದರು’ ಅಷ್ಟೇ. ನಮಗೆ ಕಾಲ ಅಂದ್ರೆ ಹೊತ್ತೂ ಹೌದು, ಮಳೆ-ಚಳಿಯೂ ಹೌದು. ಫ್ರೆಂಚರ ‘ತಾಂ’ ಕೂಡ ಹಾಗೇ. ‘ಕಾಲ’ ಬಿಟ್ಟು ಬೇರೇನೂ ಹಾಕಬೇಡಿ. ಅಂದಹಾಗೆ, ಮಾನ್ಸೂನ್ ನಾಡಿನವರು ಎಲ್ಲ ತಾಳಿಕೊಳ್ಳೋರು ಅಂತಾರಲ್ಲ ವಾತ್ಸುಜಿ, ನಮ್ಮೂರಿನ ಗ್ರಾಮಸಭೆಗೆ ಬಂದಿದ್ದರೆ ಹಾಗನ್ನುತ್ತಿರಲಿಲ್ಲ.

ಬೆಂಗಳೂರಿನಿಂದ:
ಕಾಲ ಸಂಸ್ಕೃತ.

ಮೈಸೂರಿನಿಂದ:
ಬ್ಯಾನರ್ ಹೋಯ್ತು. ‘ಹವೆ ಒಗ್ಗುವುದು’ ಅಂತ ಹಾಕಿದೆ, ಕೆಳಗೆ ಸಣ್ಣಕ್ಷರದಲ್ಲಿ ‘ಗಾಳಿ, ಮಣ್ಣು, ಮನುಷ್ಯ’. ಅಚ್ಚಿನ ಹುಡುಗ ಓದಿ, ‘ಆಸ್ಪತ್ರೆದಾ ಸಾರ್?’ ಅಂದ.