ಪದಚರ್ಚೆ: ‘ತೀವ್ರವಾದ’ ಎಂತ ಬೇಡ?

ಎಲ್ಲರಿಗೂ ನಮಸ್ಕಾರ.

‘ಎಕ್ಸ್‌ಟ್ರೀಮಿಸಮ್’ ಅನ್ನುವ ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಪದದ ಹಿಂದೆ ಬಿದ್ದು ಮೂರು ದಿನ ಆಯ್ತು. ಇಲ್ಲಿ ಮಂಗಳೂರಿನಲ್ಲಿ ಒಂದು ಇಗರ್ಜಿಯವರೂ ಹತ್ತಿರದ ಮಸೀದಿಯವರೂ ಸೇರಿ ಸೌಹಾರ್ದ ಕೂಟಕ್ಕೆ ಕರಪತ್ರ ಮಾಡುತ್ತಿದ್ದಾರೆ. ಕನ್ನಡ ತಿದ್ದುವ ಕೆಲಸ ನನ್ನ ತಲೆಗೆ ಬಂತು.

2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಈಜಿಪ್ಟಿನ ಹೆಸರಾಂತ ಇಸ್ಲಾಮಿ ವಿದ್ಯಾಕೇಂದ್ರ ಅಲ್ ಅಝರ್‌ನ ಗ್ರ್ಯಾಂಡ್ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅಬುಧಾಬಿಯಲ್ಲಿ ಒಟ್ಟಿಗೆ ಸಹಿ ಹಾಕಿದ ಮಾನವ ಬಂಧುತ್ವದ ದಾಖಲೆಯ ಒಂದು ಮಾತು ಈ ಕರಪತ್ರದಲ್ಲಿದೆ. ದ್ವೇಷ, ಹಿಂಸೆ, ಎಕ್ಸ್‌ಟ್ರೀಮಿಸಮ್, ಕುರುಡು ಮತಾಭಿಮಾನ ಕೆರಳಿಸಲು ಧರ್ಮವನ್ನು ಬಳಸಬೇಡಿ. ಕೊಲೆ, ಭಯೋತ್ಪಾದನೆ, ದಬ್ಬಾಳಿಕೆಗೆ ದೇವರ ಹೆಸರು ಹೇಳಬೇಡಿ ಅಂತ. (ಮೊದಲು ‘ಕುರುಡು ಮತಾಂಧತೆ’ ಅಂತ ಬರೆದಿದ್ದೆ. ಒಂದೇ ಪದಕ್ಕೆ ಎರಡು ಸಲ ಕಣ್ಣು ಹೋಗಿತ್ತು.)

ಎಕ್ಸ್‌ಟ್ರೀಮಿಸಮ್ಮಿಗೆ ಏನು ಹಾಕೋದು? ‘ಉಗ್ರವಾದ’ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ‘ಉಗ್ರರ ದಾಳಿ’ ಅಂತ ಪತ್ರಿಕೆಗಳು ಬರೆದೂ ಬರೆದೂ ಉಗ್ರ ಅಂದರೆ ಬಂದೂಕು ಹಿಡಿದವನೇ ಆಗಿದ್ದಾನೆ. ದಾಖಲೆಯಲ್ಲಿ ಭಯೋತ್ಪಾದನೆ ಬೇರೆ, ಇದು ಬೇರೆ. ‘ಮೂಲಭೂತವಾದ’ದ ಅರ್ಥವೇ ಬೇರೆ, ಬಿಡಿ.

ಹಾಗಾಗಿ ‘ತೀವ್ರವಾದ’ ಅಂದುಕೊಂಡೆ. ‘ತೀವ್ರವಾದ ಬೇಡ, ನೆಮ್ಮದಿ ಬೇಕು’ ಅಂತ ತಲೆಬರಹ ಬರೆದು ಡಿಟಿಪಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅಲ್ಲಿಂದ ಫೋನ್. “ತೀವ್ರವಾದ ಎಂತ ಬೇಡ ಮಾರಾಯ್ರೆ? ಒಂದು ಶಬ್ದ ಬಿಟ್ಟುಹೋಗಿದೆ ಅಲ್ವಾ?”

ಹೌದಲ್ಲ! ತೀವ್ರವಾದ ನೋವು, ತೀವ್ರವಾದ ಜ್ವರ. ಉಗ್ರವಾದ ಹೋರಾಟ. ‘ಆದ’ ಸೇರಿ ಆದ ‘ವಾದ’ವೂ ಸಿದ್ಧಾಂತದ ‘ವಾದ’ವೂ ಬರೆಯುವಾಗ ಒಂದೇ. ‘ತೀವ್ರವಾದಿ’ ಅಂದರೆ ಗೊಂದಲವಿಲ್ಲ. ‘ತೀವ್ರವಾದವನ್ನು’ ಅಂದರೆ ತೀವ್ರವಾಗಿರುವ ಸಂಗತಿಗಳೋ ಸಿದ್ಧಾಂತವೋ ಅಂತ ಅರೆಕ್ಷಣವಾದರೂ ತಡೆಯುತ್ತದೆ.

ಮಸೀದಿಯ ಉಸ್ತಾದರನ್ನು ಕೇಳಿದೆ. ಅರಬ್ಬಿಯಲ್ಲಿ ಇದಕ್ಕೆ ‘ತತರ್ರುಫ್’ ಅನ್ನುತ್ತಾರಂತೆ. ‘ತರಫ್’ ಅಂದರೆ ಅಂಚು, ಬದಿ. ಅಂಚಿಗೆ ಹೋಗಿ ನಿಲ್ಲುವುದು ತತರ್ರುಫ್. ಇಂಗ್ಲಿಷ್ ಪದದ ಲ್ಯಾಟಿನ್ ಬೇರೂ ‘ಕಟ್ಟಕಡೆಯ’ ಅಂತಲೇ. ಅದೇ ತರಫ್ ನಮ್ಮ ಕೋರ್ಟಿನಲ್ಲಿ ‘ವಾದಿ ತರಫಿನ ವಕೀಲರು’ ಆಗಿ ಕೂತಿದೆ! ಆದರೆ ಕನ್ನಡಕ್ಕೆ ಬರುವಾಗ ಅದು ಅಂಚನ್ನು ಕಳೆದುಕೊಂಡು ಬರೀ ಪಕ್ಷ ಆಯ್ತು. ಉಪಯೋಗಕ್ಕಿಲ್ಲ.

ಫಾದರ್ ‘ಅತಿರೇಕ’ ಆಗಬಹುದು ಅಂದರು. ಆಡುಮಾತಿನ ಪದ, ಚೆನ್ನಾಗಿದೆ. ಆದರೆ ಮದುವೆ ಊಟಕ್ಕೆ ಹನ್ನೆರಡು ಬಗೆ ಸ್ವೀಟ್ ಮಾಡಿದರೂ ಅತಿರೇಕ ಅಂತೇವಲ್ಲ.

ನನ್ನ ಒಲವು ಈಗ ‘ಅತಿವಾದ’ದ ಕಡೆ. ಇಲ್ಲಿ ‘ಆದ’ದ ಕಾಟವಿಲ್ಲ, ಏಕೆಂದರೆ ‘ಅತಿ’ಗೆ ‘ಆದ’ ಸೇರಿದರೆ ‘ಅತಿಯಾದ’ ಆಗುತ್ತದೆ. ಆಗ ‘ಹಿಂಸಾತ್ಮಕ ಅತಿವಾದ’, ‘ಅತಿವಾದಿ’ ಎರಡೂ ಸಲೀಸು. ಒಂದೇ ಅಳುಕು: ಸಂಸ್ಕೃತದಲ್ಲಿ ಅತಿವಾದ ಅಂದರೆ ಬೈಗುಳ, ಮಿತಿಮೀರಿದ ಮಾತು. ಇಂದಿನ ಓದುಗರಿಗೆ ಆ ಅರ್ಥ ಅಡ್ಡ ಬರುತ್ತದಾ? ನೀವು ಯಾರಾದರೂ ಬಳಸಿದ್ದೀರಾ? ಅಂಚು, ತುದಿ ಇಟ್ಟುಕೊಂಡು ಅಚ್ಚಗನ್ನಡ ಪದ ಹೊಳೆದರೆ ಇನ್ನೂ ಖುಷಿ.

ಗುರುವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.