ಪದಚರ್ಚೆ: ‘ಪೂರ್ವತಯಾರಿ’, ‘ರಂಗೀತ್ ತಾಲೀಮ್’ – ಮಳೆಗಾಲದ ಕರಪತ್ರಕ್ಕೆ ಕನ್ನಡ ಬೇಕು

ಗೆಳೆಯರೆ,

ಮುಂಬಯಿ ಪಾಲಿಕೆಯ ಆರೋಗ್ಯ ಇಲಾಖೆ ಮಳೆಗಾಲಕ್ಕೆ ಮುಂಚೆ ಮರಾಠಿಯಲ್ಲಿ ಕೊಡುವ ಸೂಚನೆಗಳನ್ನು ಕನ್ನಡಕ್ಕೆ ತಂದು ಒಂದು ಪುಟದ ಕರಪತ್ರ ಮಾಡಿಕೊಡಿ ಎಂದು ಇಲ್ಲಿಯ ಕನ್ನಡ ಸಂಘವೊಂದು ಕೇಳಿದೆ. ಇದು ಮುಟ್ಟಬೇಕಾದದ್ದು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಸಾಯನ್, ಧಾರಾವಿ ಸುತ್ತ ನೆಲೆಸಿದವರನ್ನು. ಜೊತೆಗೆ ನಮ್ಮ ಕರಾವಳಿಯ ಹೋಟೆಲ್ ಹುಡುಗರನ್ನು. ಬಹಳ ಮನೆಗಳಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಆದ್ದರಿಂದ ಕಿವಿಗೆ ಹತ್ತದ ಪದ ಇಟ್ಟರೆ ಕಾಗದ ದಂಡ.

ಮೊದಲು ‘ಪೂರ್ವತಯಾರಿ’. ಮರಾಠಿಯಲ್ಲಿ ಇದು ಸಲೀಸು. ಕನ್ನಡದ ಸರಕಾರಿ ಕಾಗದಗಳಲ್ಲಿ ಇದರ ಜಾಗಕ್ಕೆ ಮೂರು ಪದ ಬರುತ್ತವೆ: ಪೂರ್ವಸಿದ್ಧತೆ, ಸನ್ನದ್ಧತೆ, ಮುನ್ನೆಚ್ಚರಿಕೆ. ಮೂರೂ ಒಂದೇ ಎಂಬಂತೆ ಬಳಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೊಳೆನೀರಿಗೆ ಕಾಲಿಡಬೇಡಿ, ನೀರು ಕುದಿಸಿ ಕುಡಿಯಿರಿ ಎಂಬುದು ಮುನ್ನೆಚ್ಚರಿಕೆ. ಒಬ್ಬೊಬ್ಬರೇ ಪಾಲಿಸಿದರೂ ಆಯಿತು. ನೀರು ಏರಿದರೆ ಹಾಸಿಗೆ ಹಿಡಿದ ಅಜ್ಜನನ್ನು ಹೊರುವವರು ಯಾರು, ದಿನ ತುಂಬಿದ ಬಸುರಿ ಯಾವ ಮನೆಯಲ್ಲಿದ್ದಾಳೆ, ಪಾಲಿಕೆಯ ಯಾವ ಶಾಲೆಗೆ ಹೋಗಿ ಉಳಿಯುವುದು, ಸಕ್ಕರೆ ಕಾಯಿಲೆಯ ಮಾತ್ರೆ ವಾರಕ್ಕಾಗುವಷ್ಟು ಇದೆಯೇ – ಇವನ್ನು ಹತ್ತು ಮನೆಯವರು ಕೂತು ಮೊದಲೇ ತೀರ್ಮಾನಿಸಬೇಕು. ಆರೋಗ್ಯ ಇಲಾಖೆ ಕೇಳುವುದು ಇದನ್ನೇ. ಇದಕ್ಕೆ ಮುನ್ನೆಚ್ಚರಿಕೆ ಸಾಲದು.

ಇನ್ನು ‘ಸನ್ನದ್ಧತೆ’. ಸನ್ನದ್ಧ ಎಂದರೆ ಮೂಲದಲ್ಲಿ ಕವಚ ಕಟ್ಟಿಕೊಂಡು ನಿಂತವನು. ಪತ್ರಿಕೆಯಲ್ಲಿ ‘ಮಳೆ ಎದುರಿಸಲು ಪಾಲಿಕೆ ಸನ್ನದ್ಧ’ ಅಂತ ಓದಿದರೆ ಹೊಂದುತ್ತದೆ, ಏಕೆಂದರೆ ಕವಚ, ಪಂಪು, ದೋಣಿ ಎಲ್ಲ ಅವರ ಹತ್ತಿರವೇ ಇರುವುದು. 2020ರಲ್ಲಿ 24 ವಾರ್ಡುಗಳಲ್ಲೂ ವಾರ್ ರೂಮ್ ತೆರೆದು, ಯಾವ ಕೊರೋನಾ ರೋಗಿಗೆ ಎಲ್ಲಿ ಹಾಸಿಗೆ ಎಂದು ಅಲ್ಲಿಂದಲೇ ಹಂಚಿದರಲ್ಲ, ಅದಕ್ಕೂ ಈ ಪದ ಒಪ್ಪುತ್ತದೆ. ಆದರೆ ಚಾಳಿನ (ಸಾಲುಮನೆಗಳ ವಠಾರದ) ಹೆಂಗಸರ ಮುಂದೆ ‘ಸಮುದಾಯದ ಸನ್ನದ್ಧತೆ’ ಎಂದು ಓದಿದಾಗ ಯಾದಗಿರಿ ಕಡೆಯ ಒಬ್ಬಾಕೆ ನೇರ ಕೇಳಿದಳು: “ಯಾವ ಸಮುದಾಯದ್ದ್ರಿ?” ತಪ್ಪೇನಿಲ್ಲ. ಈಗ ಕನ್ನಡದಲ್ಲಿ ಸಮುದಾಯ ಅಂದರೆ ಜಾತಿ ಎಂದೇ ಅರ್ಥ. (ಮುಂಬಯಿಯಲ್ಲಂತೂ ನಮ್ಮವರ ಸಂಘಗಳ ಹೆಸರು ಓದಿದರೆ ಸಾಕು.) ನಾನೀಗ ‘ಓಣಿಯವರು’, ‘ಚಾಳಿನವರು’ ಎಂದು ಬರೆಯುತ್ತಿದ್ದೇನೆ. ‘ವಸಾಹತು’ ಮರಾಠಿಯಲ್ಲಿ ಚೆನ್ನಾಗಿದೆ, ಆದರೆ ಕನ್ನಡ ಕಿವಿಗೆ ಅದು ಬ್ರಿಟಿಷರನ್ನು ಕರೆತರುತ್ತದೆ.

ಬ್ರಿಟಿಷರ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. 1896ರಲ್ಲಿ ಈ ಊರಿಗೆ ಪ್ಲೇಗು ಬಂದಾಗ ಸಿದ್ಧತೆ ಎಂದರೆ ಮನೆ ಹೊಕ್ಕು ಹುಡುಕುವುದು, ರೋಗಿಯನ್ನೂ ಮನೆಯವರನ್ನೂ ಬೇರ್ಪಡಿಸಿ ಒಯ್ಯುವುದು. ವಿಜ್ಞಾನಿ ಹಾಫ್‌ಕಿನ್ 1897ರ ಜನವರಿಯಲ್ಲಿ ತಾನು ಮಾಡಿದ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮುಂದಿನ ತಿಂಗಳೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಜನರು ಆಗ ರೋಗಕ್ಕಿಂತ ಸಿಪಾಯಿಗೆ ಹೆದರಿ ರೋಗಿಗಳನ್ನು ಬಚ್ಚಿಟ್ಟರು. 2020ರ ಧಾರಾವಿಯಲ್ಲಿ ಪಾಲಿಕೆಯವರು ಓಣಿಯ ಪರಿಚಯದ ಖಾಸಗಿ ಡಾಕ್ಟರುಗಳನ್ನು ಜೊತೆಗಿಟ್ಟುಕೊಂಡು ಮನೆಮನೆಗೆ ಹೋದರು, ಜ್ವರದ ಶಿಬಿರ ಇಟ್ಟರು. ಮುಖ ಗುರುತಿದ್ದುದರಿಂದ ಬಾಗಿಲು ತೆರೆಯಿತು. ಕರಪತ್ರದ ಕ್ರಿಯಾಪದದಲ್ಲೂ ಈ ವ್ಯತ್ಯಾಸ ಬರಬೇಕೆಂಬುದು ನನ್ನ ಹಟ. ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ವಾಕ್ಯದಲ್ಲಿ ಓಣಿಯವರಿಗೆ ಮಾಡುವುದೇನೂ ಉಳಿದಿರುವುದಿಲ್ಲ.

ಹಾಗಾಗಿ ನನ್ನ ಒಲವು ‘ಸಜ್ಜು’ ಕಡೆಗೆ. ‘ಮಳೆಗಾಲಕ್ಕೆ ಸಜ್ಜಾಗೋಣ’. ಮರಾಠಿಯ ‘ಸಜ್ಜ’ ಪಕ್ಕದಲ್ಲೇ ಇದೆ, ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ತಿಳಿಯುತ್ತದೆ. ಸಂಘದ ಹಿರಿಯರೊಬ್ಬರು ಇದನ್ನು ಒಪ್ಪುತ್ತಿಲ್ಲ, ‘ಸಜ್ಜು ಕುದುರೆಗೆ’ ಎನ್ನುತ್ತಾರೆ. ಅವರ ವಾದ: ಪತ್ತನಾಜೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನ) ಕಳೆಯುವುದರೊಳಗೆ ಕಟ್ಟಿಗೆ ಒಟ್ಟುವುದು, ಮನೆಯ ಮಾಡು ನೋಡುವುದು, ಹಪ್ಪಳ ಡಬ್ಬಿಗೆ ತುಂಬುವುದು ನಮ್ಮಲ್ಲಿ ಇದ್ದದ್ದೇ, ಅದಕ್ಕೆ ನಾವು ‘ತಯಾರಿ’ ಎನ್ನುತ್ತೇವೆ, ಅಷ್ಟೇ ಸಾಕು. ನಿಜವೇ, ಆದರೆ ತಯಾರಿ ಮದುವೆಗೂ ಪರೀಕ್ಷೆಗೂ ಬರುತ್ತದೆ, ಶೀರ್ಷಿಕೆಗೆ ಸಪ್ಪೆ.

ನಿಜವಾದ ತೊಡಕು ಎರಡನೆಯ ಪದ. ಮಾಕ್ ಡ್ರಿಲ್‌ಗೆ, ಅಂದರೆ ಅಪಾಯ ಬಂದಂತೆ ನಟಿಸಿ ಮಾಡುವ ಅಭ್ಯಾಸಕ್ಕೆ, ಮರಾಠಿಯಲ್ಲಿ ‘ರಂಗೀತ್ ತಾಲೀಮ್’ ಎನ್ನುತ್ತಾರೆ. ನಾಟಕದವರು ಬಣ್ಣ ಹಚ್ಚಿ, ವೇಷ ಕಟ್ಟಿ ಮಾಡುವ ಕೊನೆಯ ಅಭ್ಯಾಸದ ಹೆಸರು ಅದು. ಎಷ್ಟು ಸೊಗಸಾಗಿ ಕೂತಿದೆ ನೋಡಿ. ನಾವು ಏನಂತೇವೆ? ‘ಅಣಕು ಕಾರ್ಯಾಚರಣೆ’. 2025ರ ಮೇ 7ರಂದು ದೇಶದುದ್ದಕ್ಕೂ ನಾಗರಿಕ ರಕ್ಷಣೆಯ ಡ್ರಿಲ್ ನಡೆದಾಗ ಕನ್ನಡ ಪತ್ರಿಕೆಗಳಲ್ಲೂ ವಾಹಿನಿಗಳಲ್ಲೂ ಇದೇ ಪದ. ಅದೇ ಚಾಳಿನಲ್ಲಿ ಓದಿದೆ. “ಯಾರನ್ನ ಅಣಕಸ್ತಾರ್ರಿ?” ಎಂದು ನಕ್ಕರು. ಅಣಕು ಎಂದರೆ ಮೂದಲಿಕೆ ಎಂದು ತಿಳಿದವರಿಗೆ, ಸ್ಟ್ರೆಚರ್ ಮೇಲೆ ಮಲಗಿದವನನ್ನು ನೋಡಿ ನಗಬೇಕೋ ಏನು? ಇಂಗ್ಲಿಷಿನ ಮಾಕ್ ಎಂಬುದಕ್ಕೆ ನಿಘಂಟಿನ ಮೊದಲ ಅರ್ಥ ಎತ್ತಿಟ್ಟಂತಿದೆ.

‘ತಾಲೀಮು’ ಎಂದದ್ದೇ ಮುಖ ಬದಲಾಯಿತು. “ನಾಟಕದ ತಾಲೀಮ್ ಇದ್ದಂಗ ಏನ್ರಿ? ಹಂಗಾರ ಒಮ್ಮೆ ಮಾಡಿ ನೋಡೂಣು.” ಆ ಕಡೆ ಜಾತ್ರೆಗೆ, ಹಬ್ಬಕ್ಕೆ ಊರವರೇ ನಾಟಕ ಆಡುವುದುಂಟು; ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತದೆ, ಮಾತು ಮರೆತವನಿಗೆ ಅಲ್ಲಿಯೇ ಬೈಗುಳ. ಕುಸ್ತಿಯವರಿಗೂ ತಾಲೀಮು ಉಂಟು. ಮೂಲ ಅರಬ್ಬಿ, ಕಲಿಸುವುದು ಎಂದರ್ಥ. ತಪ್ಪುಗಳು ಮೊದಲೇ ಹೊರಬೀಳಲಿ ಎಂದೇ ಆರೋಗ್ಯದವರೂ ಡ್ರಿಲ್ ಮಾಡುವುದು: ಕರೆ ಹೋದ ಮೇಲೆ ಆಂಬುಲೆನ್ಸ್ ಗಲ್ಲಿಯ ತುದಿಯವರೆಗಾದರೂ ಬರುತ್ತದೆಯೇ, ಸ್ಟ್ರೆಚರ್ ಮೆಟ್ಟಿಲಲ್ಲಿ ತಿರುಗುತ್ತದೆಯೇ, ಶಾಲೆಯ ಬೀಗದ ಕೈ ಯಾರ ಹತ್ತಿರ. ‘ತಾಲೀಮು’ ಈ ಅರ್ಥವನ್ನು ಹೊರುತ್ತದೆ. ಕರಾವಳಿಯ ಹುಡುಗರಿಗೆ ಪದ ಅಷ್ಟು ಬಳಕೆಯಲ್ಲಿಲ್ಲ, ಅವರು ‘ಟ್ರಯಲ್’ ಎನ್ನುತ್ತಾರೆ. ಆದರೂ ಮುಂಬಯಿಯ ಗಾಳಿಯಲ್ಲಿ ತಾಲೀಮ್ ಇದ್ದೇ ಇದೆ.

ಉಳಿದವು ಚಿಲ್ಲರೆ, ಆದರೆ ಎಡವಿಸುವಂಥವು. ಮರಾಠಿಯ ‘ಸಾಥ್’ ಎಂದರೆ ಸಾಂಕ್ರಾಮಿಕ. ನಮ್ಮಲ್ಲಿ ಸಾಥ್ ಕೊಡುವುದು ಗೆಳೆಯ ಮತ್ತು ತಬಲಾದವನು. ‘ಭರತೀ’ ಎಂದರೆ ಸಮುದ್ರದ ಉಬ್ಬರ. ಕರಾವಳಿಯ ‘ಭರತ’ ಹತ್ತಿರವಿದೆ, ಬಯಲುಸೀಮೆಯವರು ‘ಭರ್ತಿ’ ಎಂದು ನೌಕರಿ ನೆನೆಯುತ್ತಾರೆ. ದೊಡ್ಡ ಉಬ್ಬರದ ಹೊತ್ತಿಗೇ ಜೋರು ಮಳೆ ಬಿದ್ದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯದೆ ಬೀದಿಗೆ ಬರುತ್ತದೆ; ಆದ್ದರಿಂದ ಈ ಪದ ತಪ್ಪುವಂತಿಲ್ಲ. ನಾನು ‘ಸಮುದ್ರ ಉಕ್ಕುವ ಹೊತ್ತು’ ಎಂದು ಬಿಡಿಸಿ ಬರೆದಿದ್ದೇನೆ.

ಕೊನೆಯದು ‘ಪ್ರತಿಬಂಧಾತ್ಮಕ ಉಪಚಾರ’, ಮರಾಠಿಯಲ್ಲಿ ರೋಗ ಬಾರದಂತೆ ಮೊದಲೇ ಕೊಡುವ ಚಿಕಿತ್ಸೆ. ಹಾಗೇ ಇಟ್ಟರೆ ಕನ್ನಡದವರಿಗೆ ಅತಿಥಿ ಸತ್ಕಾರಕ್ಕೆ ಯಾರೋ ಅಡ್ಡಿ ಮಾಡಿದಂತೆ ಕೇಳಿಸೀತು. ವಿಷಯ ಮಾತ್ರ ಗಂಭೀರ. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಊರಲ್ಲಿ ಇಲಿಜ್ವರ, ಅಂದರೆ ಇಲ್ಲಿಯವರ ‘ಲೆಪ್ಟೊ’, ಹಬ್ಬಿತು. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಹೋಗುತ್ತದೆ. ಈಗ ಅಂಥ ನೀರಲ್ಲಿ ನಡೆದವರು 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ಡಾಕ್ಟರ ಸಲಹೆಯಂತೆ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕು ಎಂಬುದು ಇಲಾಖೆಯ ಸೂಚನೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಬೇರೆ ಮಾತ್ರೆ. ಜ್ವರ ಬಂದಿಲ್ಲ, ಮಾತ್ರೆ ಏಕೆ ಎಂದು ಕೇಳುವವರಿಗೆ ಹೆಸರಿನಲ್ಲೇ ಉತ್ತರ ಇರಬೇಕು. ‘ಜ್ವರ ಬಾರದ ಹಾಗೆ ನುಂಗುವ ಮಾತ್ರೆ’ ಎಂದಿದ್ದೇನೆ. ಉದ್ದವಾಯಿತು.

ಕೇಳಬೇಕಾದ್ದು ಇಷ್ಟು. ಕಲಬುರಗಿ, ಬೀದರ್, ಯಾದಗಿರಿ ಕಡೆ ಡ್ರಿಲ್ ಎಂಬ ಅರ್ಥದಲ್ಲಿ ‘ತಾಲೀಮು’ ಕೇಳಿದವರಿದ್ದಾರೆಯೇ, ಇಲ್ಲವೇ ನಾಟಕ, ಕುಸ್ತಿಗೆ ಮಾತ್ರವೇ? ಕರ್ನಾಟಕದ ನೆರೆ ಪರಿಹಾರದಲ್ಲಿ ‘ಗಂಜಿ ಕೇಂದ್ರ’ ಹೋಗಿ ‘ಕಾಳಜಿ ಕೇಂದ್ರ’ ಬಂದಿದೆಯಲ್ಲ, ಜನ ಬಾಯಲ್ಲಿ ಹಾಗೆ ಅನ್ನುತ್ತಾರೆಯೇ? ಅಂದರೆ ಆ ಶಾಲೆಗಳಿಗೆ ನಾನೂ ಅದನ್ನೇ ಇಡುತ್ತೇನೆ. ಮತ್ತು ಆ ಮಾತ್ರೆಗೆ ಎರಡು ಪದದೊಳಗೆ ಹೆಸರು ಬೇಕು. ಪದ ಕಳಿಸುವವರು ಅದನ್ನು ಒಂದು ವಾಕ್ಯದಲ್ಲಿ, ನಿಮ್ಮ ಊರಲ್ಲಿ ಮಾತಾಡುವ ಹಾಗೆಯೇ ಬಳಸಿ ಕಳಿಸಿ. ಬರೀ ನಿಘಂಟಿನ ಪುಟದ ಚಿತ್ರ ಬೇಡ, ಅದು ನನ್ನ ಹತ್ತಿರವೂ ಇದೆ.