ಅಪ್ಪಂಗೆ ನರಕ್ಕೆ ಬಿಳಿ ಚೀಲ ಹಾಕಿದಾರೆ, ಇದು ಊಟಾನಾ ಗ್ಲೂಕೋಸಾ?

ಶಿರಸಿ ಮಾಣಿ:
ಅಪ್ಪಂಗೆ ಕರುಳಿನ ಆಪರೇಶನ್ ಆಗಿ ಮಣಿಪಾಲದಲ್ಲಿ ಐಸಿಯುನಲ್ಲಿದಾರೆ. ಹೊಲಿಗೆ ಹಾಕಿದ ಜಾಗ ಲೀಕ್ ಆಗ್ತಿದೆ ಅಂತ ಬಾಯಿಗೆ ಏನೂ ಕೊಡೋ ಹಾಗಿಲ್ಲ, ಕುತ್ತಿಗೆ ಹತ್ರ ಲೈನ್ ಹಾಕಿ ಹಾಲಿನ ಬಣ್ಣದ ದೊಡ್ಡ ಚೀಲ ಮೆಷಿನ್ನಲ್ಲಿ ಬಿಡ್ತಿದಾರೆ, ಟಿಪಿಎನ್ ಅಂತಾರೆ. ಊರಿಂದ ಫೋನ್ ಮಾಡಿದವರೆಲ್ಲ ಇಷ್ಟು ದುಡ್ಡು ಯಾಕೆ, ಗ್ಲೂಕೋಸ್ ಬಾಟ್ಲಿ ಸಾಕು, ಶಿರಸಿಗೇ ಕರ್ಕೊಂಡ್ ಬಾ ಅಂತಿದಾರೆ. ಆಯಿಗೆ ಗಂಜಿ ತಿಳಿನೂ ಇಲ್ದೆ ಹೆಂಗೆ ಬದುಕ್ತಾರೆ ಅನ್ನೋ ಚಿಂತೆ. ಗೊತ್ತಿದ್ದವರು ಹೇಳಿ.

ಕಾರವಾರ ಸಿಸ್ಟರ್:
ತಮ್ಮಾ, ಟಿಪಿಎನ್ ಅಂದ್ರೆ ಪೂರ್ತಿ ಊಟಾನೇ ನರದಿಂದ ಕೊಡೋದು, ಗ್ಲೂಕೋಸ್ ಬಾಟ್ಲಿ ಊಟ ಅಲ್ಲ. 5 ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಸಕ್ಕರೆ 25 ಗ್ರಾಂ ಅಷ್ಟೇ, ನೂರು ಕ್ಯಾಲೊರಿನೂ ಮುಟ್ಟಲ್ಲ, ಪ್ರೋಟೀನ್ ಸೊನ್ನೆ. 60 ಕೆಜಿ ಇರೋರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ, 70-80 ಗ್ರಾಂ ಪ್ರೋಟೀನ್ ಬೇಕಾಗುತ್ತೆ, ಇಲ್ಲಾಂದ್ರೆ ಮೈ ತನ್ನ ಮಾಂಸಖಂಡಾನೇ ಕರಗಿಸ್ಕೊಳ್ಳುತ್ತೆ, ಗಾಯನೂ ಮಾಯೋದು ತಡ. ಆ ಚೀಲದಲ್ಲಿ ಮೂರು ಖಾನೆ ಇರ್ತವೆ, ಒಂದರಲ್ಲಿ ಗ್ಲೂಕೋಸ್, ಒಂದರಲ್ಲಿ ಅಮೈನೋ ಆಸಿಡ್ (ಪ್ರೋಟೀನ್ ಆಗೋದು ಇದರಿಂದಲೇ), ಇನ್ನೊಂದರಲ್ಲಿ ಕೊಬ್ಬು. ಹಾಕೋ ಮುಂಚೆ ಚೀಲನ ಮೇಲಿಂದ ಒತ್ತಿ ಸುತ್ತಿದ್ರೆ ಒಳಗಿನ ಸೀಲ್ ಬಿಟ್ಕೊಂಡು ಎಲ್ಲ ಬೆರೆತು ಹಾಲಿನ ಹಾಗಾಗುತ್ತೆ. ವಿಟಮಿನ್ ಬೇರೆ ಸೇರಿಸ್ತಾರೆ. ತುಂಬಾ ಗಟ್ಟಿ ದ್ರಾವಣ, ಕೈ ನರ ತಡ್ಕೊಳ್ಳಲ್ಲ, ಅದಕ್ಕೇ ಕುತ್ತಿಗೆಯ ದೊಡ್ಡ ನರ.
ನಿಧಾನ ಬಿಡ್ತಿದಾರೆ ಅಂತ ಜಗಳ ಆಡ್ಬೇಡಿ. ಬಹಳ ದಿನ ಹಸಿದವರಿಗೆ ಒಮ್ಮೆಲೇ ಜಾಸ್ತಿ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ ಇಳಿದು ಹಾರ್ಟಿಗೇ ತೊಂದರೆ. ಲೈನ್ ಮಾತ್ರ ಯಾರೂ ಮುಟ್ಟಬಾರದು, ಚಳಿ ಜ್ವರ ಬಂದ್ರೆ ತಕ್ಷಣ ಹೇಳಿ, ಲೈನಲ್ಲಿ ಸೋಂಕಾದ್ರೆ ರಕ್ತಕ್ಕೇ ಹೋಗುತ್ತೆ. ಶುಗರ್ ಪದೇ ಪದೇ ನೋಡೋದೂ ಈ ಚೀಲದಲ್ಲಿ ಗ್ಲೂಕೋಸ್ ಇರೋದಕ್ಕೇ. ಇದೆಲ್ಲ ದಿನಾ ಲ್ಯಾಬ್ ಇರೋ ಕಡೆನೇ ಆಗೋದು, ಈ ಸ್ಥಿತೀಲಿ ಘಟ್ಟ ಹತ್ತಿಸೋ ಮಾತೇ ಬೇಡ.

ಕುಮಟಾ ಕಡಲು:
ಆಯಿಗೆ ಇದೊಂದು ಹೇಳಿ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಅನ್ನೋ ಸರ್ಜನ್ ನಾಯಿಮರಿಗಳನ್ನ ಬರೀ ನರದಿಂದ ಊಟ ಕೊಟ್ಟೇ ಬೆಳೆಸಿ ತೋರಿಸಿದ್ರು, ಆಮೇಲೆ ಕರುಳು ಸರಿಯಿಲ್ದೆ ಹುಟ್ಟಿದ ಮಗೂಗೂ ಹಾಗೇ ಕೊಟ್ರು, ತೂಕ ಏರ್ತು. ಗಂಜಿ ಇಲ್ದೇನೂ ಮೈಗೆ ಊಟ ಸಿಗುತ್ತೆ.
ನಮ್ಮ ಮನೆಯವಳಿಗೂ ಹಾಕಿದ್ರು. ರೌಂಡ್ಸಿಗೆ ಬಂದಾಗೆಲ್ಲ ನಾನು ಕೇಳ್ತಿದ್ದದ್ದು ಒಂದೇ, ಕರುಳಿಗೆ ಟ್ಯೂಬಲ್ಲಿ ಸ್ವಲ್ಪನಾದ್ರೂ ಯಾವಾಗ ಶುರು ಮಾಡ್ತೀರಿ ಅಂತ. ಕರುಳು ಕೆಲಸ ಮಾಡೋ ಹಾಗಿದ್ರೆ ಅದೇ ಒಳ್ಳೇದು, ಖರ್ಚೂ ಕಮ್ಮಿ, ಸೋಂಕಿನ ಭಯನೂ ಕಮ್ಮಿ. ಲೀಕ್ ಇರೋ ಜಾಗದಿಂದ ಕೆಳಗೆ ಟ್ಯೂಬ್ ಹಾಕೋಕಾಗುತ್ತಾ ಅಂತ ನೀವೂ ಕೇಳಿ.

ಶಿರಸಿ ಮಾಣಿ:
ಅಕ್ಕಾ, ಅಣ್ಣಾ, ತುಂಬಾ ಉಪಕಾರ ಆಯ್ತು. ಆಂಬುಲೆನ್ಸ್ ಬೇಡ ಅಂತ ಮಾವಂಗೆ ಈಗಲೇ ಹೇಳಿದೆ. ಬೆಳಿಗ್ಗೆ ಡಾಕ್ಟ್ರ ಹತ್ರ ಟ್ಯೂಬಿನ ವಿಚಾರ ಕೇಳಿ ಇಲ್ಲೇ ಬರೀತೆ.